ಮಳೆಗಾಲದ ಕಟ್ಟಿಗೆ: ಯಾವುದನ್ನು, ಯಾರಿಂದ, ಯಾವಾಗ ಕೊಳ್ಳಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಗೆ ಬೆಂಕಿ ಹೆಚ್ಚು ಬೇಕಾಗುವುದು ಮೃಗಶಿರಾ ಮಳೆ ಹಿಡಿದ ಮೇಲೆ. ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದರ ಬೆನ್ನಿಗೆ ಒಂದು ಸುರಿಯುವಾಗ ಸ್ನಾನದ ನೀರು ಕಾಯಬೇಕು, ಮೂರು ದಿನವಾದರೂ ಒಣಗದ ಬಟ್ಟೆ ಒಣಗಬೇಕು, ವಯಸ್ಸಾದವರ ಕೋಣೆ ಬೆಚ್ಚಗಿರಬೇಕು. ಮಳೆ ಹಿಂದೆ ಸರಿಯಿತು ಎನ್ನುವಷ್ಟರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ಊರುಗಳಿಗೆ ಚಳಿ ಇಳಿಯುತ್ತದೆ. ಅದರ ಜೊತೆಗೇ ಅಡಿಕೆ ಕೊಯ್ಲು, ಅಡಿಕೆ ಬೇಯಿಸುವ ಒಲೆ. ಅಲ್ಲಿಗೆ ಜೂನ್‌ನಿಂದ ಜನವರಿಯವರೆಗೆ ಒಲೆ ಆರುವ ಹಾಗಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಚಳಿಯ ಕಾಟ ಕಡಿಮೆಯಾದರೂ ಮಳೆಯಲ್ಲಿ ಅವರು ಘಟ್ಟಕ್ಕೆ ಏನೂ ಕಡಿಮೆಯಿಲ್ಲ.

ಹಾಗಾಗಿ ಶಿವರಾತ್ರಿ ಕಳೆದೊಡನೆ ಕಟ್ಟಿಗೆಯ ಮಾತು ಶುರುವಾಗುತ್ತದೆ. ಕೊಳ್ಳುವವರು ಮೊದಲು ಕೇಳುವುದು ‘ಯಾವ ಮರದ್ದು?’ ಎಂದು, ಆಮೇಲೆ ‘ಲೋಡಿಗೆ ಎಷ್ಟು?’ ಎಂದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವಾಗ ಕಡಿದದ್ದು, ಯಾವಾಗ ಒಡೆದದ್ದು? ಈ ಬರಹದಲ್ಲಿ ಮರದ ಜಾತಿ, ಮಾರುವವರು, ಅಳತೆ, ಗ್ಯಾಸು, ಕರೆಂಟು ಎಲ್ಲವನ್ನೂ ಹೋಲಿಸಿದ್ದೇನೆ. ಆದರೆ ನನ್ನ ಮಟ್ಟಿಗೆ ಒಣಗಿದ್ದೋ ಹಸಿಯೋ ಎಂಬುದೇ ಮೊದಲ ಹೋಲಿಕೆ. ಉಳಿದವೆಲ್ಲ ಅದರ ನಂತರ.

ಹಸಿ, ಒಣ: ಇಲ್ಲಿಯೇ ಅರ್ಧ ಹಣ ಹೋಗುವುದು

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಸೀಳಿನಲ್ಲಿ ಅದು ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಒಣ ಕಟ್ಟಿಗೆಯ ಒಂದು ಕಿಲೋದಿಂದ ಸುಮಾರು 3,400 ಕಿಲೋಕ್ಯಾಲರಿ ಶಾಖ ಸಿಕ್ಕಿದರೆ, ಅರ್ಧ ನೀರಿರುವ ಹಸಿ ಕಟ್ಟಿಗೆಯ ಒಂದು ಕಿಲೋದಿಂದ ಸಿಗುವುದು 1,900ರಷ್ಟು ಮಾತ್ರ. ಸುಡುವ ಭಾಗವೇ ಕಡಿಮೆ. ಇರುವುದರಲ್ಲೂ ಒಂದಷ್ಟು ಶಾಖ ಒಳಗಿನ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಇದು ಲೆಕ್ಕದ ಮಾತು. ಒಲೆಯಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ. ಹಸಿ ಕೊಳ್ಳಿ ಉರಿ ಹಿಡಿಯದೆ ಕನಲುತ್ತದೆ, ಸುಡಬೇಕಾದ ಅನಿಲವೆಲ್ಲ ಹೊಗೆಯಾಗಿ ಮಾಡು ಸೇರುತ್ತದೆ, ಊದುಗೊಳವೆ ಹಿಡಿದು ಕೂತವರ ಕಣ್ಣು ಉರಿಯುತ್ತದೆ.

ಬೆಲೆಯಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಉದಾಹರಣೆಗೆ ಹಸಿ ಕಟ್ಟಿಗೆ ಕಿಲೋಗೆ 3 ರೂಪಾಯಿ, ಒಣದ್ದು 4 ರೂಪಾಯಿ ಎಂದುಕೊಳ್ಳೋಣ. ಸಾವಿರ ಕಿಲೋಕ್ಯಾಲರಿ ಶಾಖಕ್ಕೆ ಹಸಿಯದರಲ್ಲಿ ಸುಮಾರು 1 ರೂಪಾಯಿ 58 ಪೈಸೆ ಬೀಳುತ್ತದೆ, ಒಣದ್ದರಲ್ಲಿ 1 ರೂಪಾಯಿ 18 ಪೈಸೆ. ಅಗ್ಗ ಎಂದು ತಂದದ್ದೇ ದುಬಾರಿ. ಹಸಿ ಕಟ್ಟಿಗೆ ಕೊಳ್ಳಲೇಬಾರದು ಎಂದಲ್ಲ. ಮಾಘ ಮಾಸದಲ್ಲಿ ಕೊಂಡು, ಒಡೆಸಿ, ಮೂರು ತಿಂಗಳ ಬಿಸಿಲು ಕಾಣಿಸುವುದಾದರೆ ಹಸಿಯೇ ಲಾಭ. ಆಗಲೂ ಅದನ್ನು ತೂಕದ ಮೇಲೆ ಕೊಳ್ಳಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ. ಮೇ ತಿಂಗಳ ಕೊನೆಯಲ್ಲಿ ಕೊಳ್ಳುವುದಾದರೆ ಮಾತ್ರ ಒಣಗಿದ್ದನ್ನು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಒಣಗಿದೆಯೇ ಎಂದು ನೋಡುವ ಬಗೆ

‘ಪೂರ್ತಿ ಒಣಗಿದ್ದು’ ಎಂದು ಹೇಳದ ವ್ಯಾಪಾರಿ ಇಲ್ಲ. ಅವರ ಮಾತು ಸುಳ್ಳೆಂದು ಹೇಳುತ್ತಿಲ್ಲ. ರಾಶಿಯ ಮೇಲಿನದು ಒಣಗಿ ಅಡಿಯದು ಹಸಿ ಇರುವುದು ಅವರಿಗೂ ಗೊತ್ತಿರುವುದಿಲ್ಲ. ಗಾಡಿಯ ನಡುವಿನಿಂದ ಎರಡು ತುಂಡು ಎಳೆಯಿರಿ. ತುದಿ ನೋಡಿ: ಒಣಗಿದ ತುಂಡಿನ ಅಡ್ಡಕಡಿತದಲ್ಲಿ ತಿರುಳಿನಿಂದ ಅಂಚಿಗೆ ಬಿರುಕುಗಳು ಹಾಯ್ದಿರುತ್ತವೆ, ಬಣ್ಣ ಮಾಸಿರುತ್ತದೆ. ಎರಡನ್ನೂ ಒಂದಕ್ಕೊಂದು ಬಡಿದರೆ ಠಣ್ ಎಂಬ ಗಟ್ಟಿ ಸದ್ದು ಬರಬೇಕು. ದಪ್ ಎಂದು ಮಂದವಾಗಿ ಕೇಳಿದರೆ ಒಳಗೆ ನೀರಿದೆ. ತೊಗಟೆ ಉಗುರಿಗೆ ಎದ್ದು ಬರಬೇಕು. ಇಷ್ಟಕ್ಕೆ ನಿಲ್ಲಬೇಡಿ. ಒಂದು ತುಂಡನ್ನು ಅಲ್ಲೇ ಕೊಡಲಿಯಿಂದ ಸೀಳಿಸಿ, ಒಳಮೈಯನ್ನು ಕೆನ್ನೆಗೆ ಇಟ್ಟು ನೋಡಿ. ತುದಿ ಹದಿನೈದು ದಿನದಲ್ಲಿ ಒಣಗಿ ಬಿರಿಯುತ್ತದೆ, ಒಳಗು ಒಣಗುವುದಕ್ಕೆ ತಿಂಗಳುಗಳು ಬೇಕು. ಕೆನ್ನೆಗೆ ತಂಪು ಹತ್ತಿದರೆ ಆ ಲೋಡು ಈ ಮಳೆಗಾಲದ್ದಲ್ಲ, ಮುಂದಿನ ಮಳೆಗಾಲದ್ದು.

ಇನ್ನೂ ಖಾತ್ರಿ ಬೇಕಾದವರು ಮನೆಯ ತಕ್ಕಡಿಯಲ್ಲಿ ಒಂದು ಸೀಳನ್ನು ತೂಗಿ, ಚಾಕಿನಿಂದ ತೂಕ ಬರೆದು, ಒಲೆಯ ಮೇಲಿನ ಅಟ್ಟದಲ್ಲಿ ಎರಡು ವಾರ ಇಟ್ಟು ಮತ್ತೆ ತೂಗಲಿ. ಕಿಲೋ ಇದ್ದದ್ದು ಒಂಬೈನೂರು ಗ್ರಾಂ ಆದರೆ ಚಿಂತೆಯಿಲ್ಲ. ಏಳುನೂರಕ್ಕೆ ಇಳಿದರೆ ಆ ವ್ಯಾಪಾರಿಯ ಜೊತೆ ಮುಂದಿನ ವರ್ಷ ಬೇರೆ ಥರ ಮಾತಾಡಬೇಕು.

ಎಷ್ಟು ಬೇಕು?

ಅಂದಾಜಿಗೆ ಬಚ್ಚಲು ಒಲೆಯಿಂದ ಶುರುಮಾಡೋಣ. ಐದು ಜನರ ಮನೆ, ತಲೆಗೆ 20 ಲೀಟರ್ ಬಿಸಿನೀರು ಎಂದರೆ ದಿನಕ್ಕೆ 100 ಲೀಟರ್. ಮಳೆಗಾಲದ ಬಾವಿ ನೀರನ್ನು 20 ಡಿಗ್ರಿಯಷ್ಟು ಏರಿಸಲು 2,000 ಕಿಲೋಕ್ಯಾಲರಿ ನೀರಿಗೆ ತಲುಪಬೇಕು. ಹಂಡೆ ಕೂರಿಸಿದ ಹಳೆಯ ಬಗೆಯ ಒಲೆ ಕಟ್ಟಿಗೆಯ ಶಾಖದಲ್ಲಿ ಶೇಕಡಾ 15ರಷ್ಟನ್ನು ನೀರಿಗೆ ಕೊಟ್ಟರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ ದಿನಕ್ಕೆ 4 ಕಿಲೋ ಒಣ ಕಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 5 ಕ್ವಿಂಟಾಲ್, ಜನವರಿಯವರೆಗೆ ಎಳೆದರೆ ಒಂದು ಟನ್. ಅದೇ ಮನೆ ಹಸಿ ಕಟ್ಟಿಗೆ ಉರಿಸಿದರೆ ಎರಡು ಟನ್ನೂ ಸಾಲದು.

ಸಂಜೆ ಹೊತ್ತು ಚಳಿ ಕಾಯಿಸಿ ಬಟ್ಟೆ ಒಣಗಿಸುವ ರೂಢಿ ಇರುವ ಮನೆಗೆ ಇನ್ನೆರಡು ಕ್ವಿಂಟಾಲ್ ಸೇರಿಸಿ. ಅಡುಗೆಯೂ ಒಲೆಯ ಮೇಲೇ ಆಗುವುದಾದರೆ ಬಚ್ಚಲಿನಷ್ಟೇ ಅದಕ್ಕೂ ಇಡಿ. ಅಡಿಕೆ ಬೇಯಿಸುವವರ ಲೆಕ್ಕ ಬೇರೆ; ಅದಕ್ಕೆ ಬೇಕಾದ ಕಟ್ಟಿಗೆಯ ಗುಣವೂ ಬೇರೆ. ಅಡಿಕೆ ಹಂಡೆಗೆ ಭರದಿಂದ ಉರಿಯುವ ಬೆಂಕಿ ಬೇಕು, ಬಚ್ಚಲಿಗೆ ನಿಧಾನವಾಗಿ ಕಾಯಿಸಿ ಕೆಂಡ ಉಳಿಸುವ ಬೆಂಕಿ ಬೇಕು. ಎರಡನ್ನೂ ಒಂದೇ ರಾಶಿಯಿಂದ ಎಳೆದರೆ ಒಳ್ಳೆಯ ಕಟ್ಟಿಗೆಯೆಲ್ಲ ಎರಡೇ ತಿಂಗಳಲ್ಲಿ ಮುಗಿದು, ಕೊನೆಗೆ ಸಣ್ಣ ಕಡ್ಡಿ ಪುರಳೆ ಮಾತ್ರ ಉಳಿಯುತ್ತದೆ.

ಮರದಿಂದ ಮರಕ್ಕೆ

ಒಂದು ವಿಷಯ ಮೊದಲೇ ತಿಳಿದಿರಲಿ. ಒಂದೇ ಹದಕ್ಕೆ ಒಣಗಿಸಿದರೆ ಬಹುತೇಕ ಎಲ್ಲ ಮರಗಳೂ ಕಿಲೋಗೆ ಹತ್ತಿರಹತ್ತಿರ ಒಂದೇ ಶಾಖ ಕೊಡುತ್ತವೆ. ವ್ಯತ್ಯಾಸವಿರುವುದು ಗಾತ್ರದಲ್ಲಿ. ಗಟ್ಟಿ ಮರದ ಒಂದು ತುಂಡಿನ ತೂಕ ಹಗುರ ಮರದ ಎರಡು ತುಂಡಿನಷ್ಟು. ಆದ್ದರಿಂದ ತೂಕಕ್ಕೆ ಕೊಳ್ಳುವವರು ಜಾತಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಲೋಡಿನ ಲೆಕ್ಕದಲ್ಲಿ ಕೊಳ್ಳುವವರು ಜಾತಿ ನೋಡಲೇಬೇಕು.

ಘಟ್ಟದ ಮೇಲೆ ಈಗ ಹೆಚ್ಚಾಗಿ ಸಿಗುವುದು ಅಕೇಶಿಯಾ. ಕಳೆದ ಕೆಲವು ದಶಕಗಳಲ್ಲಿ ಅರಣ್ಯ ಇಲಾಖೆ ಬೋಳು ಗುಡ್ಡಗಳಲ್ಲಿ ಸಾಲಾಗಿ ನೆಟ್ಟ ಈ ಆಸ್ಟ್ರೇಲಿಯಾ ಮೂಲದ ಮರವನ್ನು ಬಯ್ಯದವರಿಲ್ಲ. ಅದರಡಿ ಏನೂ ಚಿಗುರುವುದಿಲ್ಲ, ಎಲೆ ಗೊಬ್ಬರಕ್ಕೂ ಒದಗುವುದಿಲ್ಲ ಎಂಬ ದೂರು ನನ್ನದೂ ಹೌದು. ಆದರೆ ಒಲೆಗೆ ಅದು ಒಳ್ಳೆಯ ಮರ. ಒಂದು ಘನ ಮೀಟರ್ ಒಣ ಮರ 600ರಿಂದ 750 ಕಿಲೋ ತೂಗುತ್ತದೆ, ಸಮವಾಗಿ ಉರಿಯುತ್ತದೆ, ಕೆಂಡ ನಿಲ್ಲುತ್ತದೆ. ಹಸಿಯಿದ್ದಾಗ ಸುಲಭವಾಗಿ ಸೀಳಿಕೊಳ್ಳುತ್ತದೆ, ಒಣಗಿದ ಮೇಲೆ ಕೊಡಲಿಗೆ ಕಷ್ಟ. ಆದ್ದರಿಂದ ಕಡಿದ ವಾರದಲ್ಲೇ ಒಡೆಸಿಬಿಡಬೇಕು. ದುಂಡಗೆ, ತೊಗಟೆ ಸಮೇತ ಬಿಟ್ಟ ಅಕೇಶಿಯಾ ಒಂದು ಬೇಸಿಗೆಯಲ್ಲಿ ಒಣಗುವುದಿಲ್ಲ. ಕಾಡಿನ ಮರಕ್ಕೆ ಕೈ ಹಾಕದೆ ಬೆಂಕಿ ಉರಿಸಲು ಇರುವ ದಾರಿಗಳಲ್ಲಿ ಇದು ಒಂದು ಎಂಬುದೂ ನನಗೆ ಮುಖ್ಯ. ಪೇಟೆಯಲ್ಲಿ ಕೊಳ್ಳುವ ಮನೆಗೆ ನನ್ನ ಮೊದಲ ಆಯ್ಕೆ ಇದೇ.

ಮತ್ತಿ, ಕಿಂದಳ, ಜಂಬೆ, ನಂದಿ ನಮ್ಮ ಕಾಡಿನ ಗಟ್ಟಿ ಮರಗಳು. ಮತ್ತಿಯ ಒಂದು ಕೊರಡು ಬಚ್ಚಲಲ್ಲಿ ಇಟ್ಟರೆ ರಾತ್ರಿಯ ಬೆಂಕಿ ಬೆಳಿಗ್ಗೆ ಕೆದಕಿದರೂ ಕೆಂಡವಾಗಿ ಸಿಗುತ್ತದೆ. ಹಳೆಯವರು ಅದನ್ನು ಹೊಗಳುವುದರಲ್ಲಿ ತಪ್ಪಿಲ್ಲ. ಆದರೆ ಇವು ನಾಟಾ ಮರಗಳು, ಎಂದರೆ ಮನೆ ಕಟ್ಟುವುದಕ್ಕೆ, ಪೀಠೋಪಕರಣಕ್ಕೆ ಒದಗುವ ಬೆಲೆಬಾಳುವ ಮರಗಳು. ಇಂಥ ಮರದ ದಪ್ಪ ತುಂಡುಗಳನ್ನು ಯಾರಾದರೂ ಅಕೇಶಿಯಾದ ದರಕ್ಕೆ ಮನೆ ಬಾಗಿಲಿಗೆ ತಂದಿಳಿಸುತ್ತೇನೆ ಎಂದರೆ ಆ ಮರ ಎಲ್ಲಿಂದ ಬಂತೆಂದು ಕೇಳಿ. ಉತ್ತರ ತಡವರಿಸಿದರೆ ಬೇಡ ಎನ್ನಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದ ಜಿಲ್ಲೆ ಇದು. ಬಿಸಿನೀರಿಗಾಗಿ ಹಸಿ ಮತ್ತಿ ಉರುಳುವುದು ಈ ನೆಲದಲ್ಲಿ ನಡೆಯಬಾರದು.

ಕರಾವಳಿಯ ಕಟ್ಟಿಗೆಗಳಲ್ಲಿ ಗಾಳಿ ಮರವೇ (ಕ್ಯಾಸುರಿನಾ) ಮೇಲು. 1860ರ ದಶಕದಲ್ಲೇ ಕಾರವಾರದ ಮರಳಿಗೆ ಬಂದ ಮರ ಇದು. ಘನ ಮೀಟರಿಗೆ 800 ಕಿಲೋಗೂ ಮೇಲೆ ತೂಗುತ್ತದೆ, ಉರಿ ತೀಕ್ಷ್ಣ, ಬೂದಿ ಕಡಿಮೆ. ಸ್ವಲ್ಪ ಹಸಿಯಿದ್ದರೂ ಬೆಂಕಿ ಹಿಡಿಯುವ ಗುಣ ಅದಕ್ಕಿದೆ; ಹಾಗೆಂದು ಹಸಿಯನ್ನೇ ಉರಿಸಬೇಡಿ. ಸಣ್ಣ ಸುತ್ತಳತೆಯ ಕಂಬಗಳನ್ನು ಮೊಳದುದ್ದಕ್ಕೆ ಕೊಯ್ಸಿದರೆ ಒಡೆಸುವ ಕೂಲಿಯೂ ಉಳಿಯುತ್ತದೆ. ಕೊಳ್ಳುವುದು ಖಾಸಗಿ ಹಿತ್ತಿಲಿನದ್ದಾಗಿರಲಿ. ಕಡಲತೀರದ ಗಾಳಿ ತೋಪುಗಳು ಮರಳನ್ನೂ ಗಾಳಿಯನ್ನೂ ತಡೆಯಲೆಂದು ಇರುವವು. ಅಲ್ಲಿಯ ಮರ ಮಾರಾಟಕ್ಕಿಲ್ಲ.

ಗೇರು ಮರ ಹಗುರ, ಬೇಗ ಉರಿದು ಮುಗಿಯುತ್ತದೆ, ಕಿಡಿ ಸಿಡಿಯುತ್ತದೆ. ಬಚ್ಚಲಿಗೆ ಪರವಾಗಿಲ್ಲ, ಒಳಗೆ ಚಳಿ ಕಾಯಿಸಲು ಬೇಡ. ಗೇರು ಬೀಜದ ಸಿಪ್ಪೆಯನ್ನಂತೂ ಮನೆಯೊಳಗೆ ಸುಡಲೇಬೇಡಿ. ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು, ಚರ್ಮ ಎಲ್ಲವನ್ನೂ ಸುಡುತ್ತದೆ. ಮಾವು ನಡುವಿನ ದರ್ಜೆಯದು: ಒಣಗಿದರೆ ಚೆನ್ನಾಗಿ ಉರಿಯುತ್ತದೆ, ಮಳೆ ತಾಗಿದರೆ ಬೇಗ ಕುಂಬಾಗುತ್ತದೆ. ರಬ್ಬರ್ ಮರ ಅಗ್ಗವಾಗಿ ಸಿಕ್ಕೀತು. ಆದರೆ ಮಾಡಿನ ಅಡಿ ಸೇರುವ ಮೊದಲು ಎರಡು ಮಳೆ ಕಂಡರೆ ಬೂಸಲು ಹಿಡಿದು, ಹುಳ ಕೊರೆದು ಹಿಟ್ಟಾಗುತ್ತದೆ. ತಂದ ದಿನವೇ ಒಳಗಿಡಲು ಜಾಗವಿದ್ದವರು ಮಾತ್ರ ಅದನ್ನು ಕೊಳ್ಳಲಿ.

ಮರದ ಮಿಲ್ಲಿನ ಚೆಕ್ಕೆಗಳು ಅಡಿಕೆ ಬೇಯಿಸುವವರಿಗೆ ಹೇಳಿಮಾಡಿಸಿದ ಸರಕು. ತೆಳ್ಳಗಿರುವುದರಿಂದ ಬೇಗ ಒಣಗುತ್ತವೆ, ಭಗ್ಗನೆ ಹತ್ತಿಕೊಳ್ಳುತ್ತವೆ. ಬಚ್ಚಲಿಗೆ ಹಾಕಿದರೆ ಪ್ರತಿ ಐದು ನಿಮಿಷಕ್ಕೆ ಒಬ್ಬರು ಎದ್ದು ಹೋಗಬೇಕು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಅದರಲ್ಲಿ ಸೇರಿದ್ದರೆ ಆರಿಸಿ ತೆಗೆಯಿರಿ.

ತೋಟದ್ದನ್ನು ಮರೆಯಬಾರದು

ಕೊಳ್ಳುವ ಮೊದಲು ಹಿತ್ತಿಲಲ್ಲಿ ಏನಿದೆ ನೋಡಿಕೊಳ್ಳಿ. ಅಡಿಕೆ ಸಿಪ್ಪೆ, ಕಾಯಿ ಸಿಪ್ಪೆ, ಕರಟ, ಒಣ ಸೋಗೆ, ಹಾಳೆ, ಬಿದ್ದ ಅಡಿಕೆ ಮರದ ದಬ್ಬೆ ಎಲ್ಲವೂ ಉರುವಲೇ. ಇವುಗಳ ಗುಣ ಬೇರೆಬೇರೆ. ಕರಟ ಎಣ್ಣೆ ಹೊಯ್ದ ಹಾಗೆ ಉರಿಯುತ್ತದೆ. ಮಳೆಗಾಲದ ಮುಂಜಾನೆ ಒಲೆ ಹೊತ್ತಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಒಂದು ಚೀಲ ಪ್ರತ್ಯೇಕವಾಗಿ ಎತ್ತಿಡಿ. ಸಿಪ್ಪೆಗಳು ಉರಿಯುವುದಕ್ಕಿಂತ ಒಳಗೊಳಗೇ ಕನಲುವುದು ಹೆಚ್ಚು. ಕಟ್ಟಿಗೆಯ ಕೆಂಡದ ಮೇಲೆ ಸಂಜೆ ಒಂದು ಬುಟ್ಟಿ ಒಣ ಅಡಿಕೆ ಸಿಪ್ಪೆ ಮುಚ್ಚಿದರೆ ಹಂಡೆಯ ನೀರು ಬೆಳಗಿನವರೆಗೆ ಬೆಚ್ಚಗೇ ಇರುತ್ತದೆ. ಹೊಗೆ ಜಾಸ್ತಿ ಎಂಬುದು ದೋಷ. ಕೊಳವೆಯಿಲ್ಲದ ಒಲೆಗೆ ಬೇಡ. ದಬ್ಬೆ ಸೀಳಿ ಒಣಗಿಸಿದರೆ ಅಡಿಕೆ ಬೇಯಿಸಲು ಒದಗುತ್ತದೆ. ಸ್ವಂತ ತೋಟವಿರುವ ಮನೆ ಇವನ್ನೆಲ್ಲ ಬೇಸಿಗೆಯಲ್ಲೇ ಒಳಗೆ ಹಾಕಿಕೊಂಡರೆ ಕೊಳ್ಳುವ ಕಟ್ಟಿಗೆಯ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಸಿಪ್ಪೆಯನ್ನು ತೋಟಕ್ಕೇ ಗೊಬ್ಬರ ಮಾಡುವವರೂ ಇದ್ದಾರೆ. ಅವರ ದಾರಿಯೂ ಸರಿಯೇ.

ಯಾರಿಂದ ಕೊಳ್ಳುವುದು?

ಸೊಪ್ಪಿನ ಬೆಟ್ಟ, ಎಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ಇರುವವರಿಗೆ ಒಣ ಕಟ್ಟಿಗೆ ಅಲ್ಲೇ ಸಿಗುತ್ತದೆ. ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಿಂದ ನಡೆದುಬಂದ ಸವಲತ್ತು. ಅದು ಸ್ವಂತ ಬಳಕೆಗೆ, ಮಾರುವುದಕ್ಕಲ್ಲ. ಬೆಟ್ಟದ ಕಟ್ಟಿಗೆ ಎಂದು ಯಾರಾದರೂ ಮಾರಲು ಬಂದರೆ ಆ ಮಾತೇ ಸರಿಯಿಲ್ಲ.

ಅರಣ್ಯ ಇಲಾಖೆಯ ನಾಟಾ ಡಿಪೋಗಳಲ್ಲಿ ಕಟ್ಟಿಗೆಯೂ ಇರುತ್ತದೆ. ಹರಾಜಿನ ರಾಶಿ ಒಂದು ಮನೆಗೆ ದೊಡ್ಡದಾಗಬಹುದು. ನಾಲ್ಕೈದು ಮನೆಯವರು ಸೇರಿ ಕೂಗಿ, ಪಾಲು ಮಾಡಿಕೊಂಡರೆ ಸಾಗಾಟದ ವೆಚ್ಚವೂ ಹಂಚಿಹೋಗುತ್ತದೆ. ಕಾಗದಪತ್ರ ಸ್ವಚ್ಛ, ದಾರಿಯಲ್ಲಿ ಯಾರು ತಡೆದರೂ ಭಯವಿಲ್ಲ. ತೊಂದರೆಯೆಂದರೆ ರಾಶಿ ಬಯಲಲ್ಲೇ ಬಿದ್ದಿರುತ್ತದೆ, ದಪ್ಪ ತುಂಡುಗಳೇ ಹೆಚ್ಚು. ಒಡೆಸುವ ಕೂಲಿಯನ್ನು ಮೊದಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಖಾಸಗಿ ವ್ಯಾಪಾರಿ ಮನೆ ಬಾಗಿಲಿಗೆ ತರುತ್ತಾನೆ, ಬೇಕಾದ ಉದ್ದಕ್ಕೆ ಕೊಯ್ದು ಕೊಡುತ್ತಾನೆ, ಮುಂಗಡ ಕೊಟ್ಟರೆ ನಿಮ್ಮ ರಾಶಿ ಬೇರೆಯಾಗಿ ಇಡುತ್ತಾನೆ. ಒಳ್ಳೆಯವನೊಬ್ಬ ಸಿಕ್ಕಿದರೆ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿ ಅವನನ್ನು ಕಳೆದುಕೊಳ್ಳಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಗಾಳಿ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್, ತೆಂಗಿನಂಥ ಕೆಲವು ಮರಗಳನ್ನು ಸ್ವಂತ ಜಾಗದಲ್ಲಿ ಕಡಿಯಲು ಅನುಮತಿ ಬೇಕಾಗಿಲ್ಲ. ಉಳಿದ ಮರಗಳಿಗೆ ಅನುಮತಿ ಪತ್ರ, ಸಾಗಣೆಗೆ ಪಾಸು ಇರಬೇಕು. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ಬನ್ನಿ, ವ್ಯಾಪಾರಿಯ ಬಳಿ ಪಾಸಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ತಲೆಹೊರೆಯಲ್ಲಿ ಕಟ್ಟಿಗೆ ತಂದು ಮಾರುವ ಹೆಂಗಸರು ಈಗ ವಿರಳ. ಸಿಕ್ಕಿದರೆ ಅವರದ್ದು ಬಹುಮಟ್ಟಿಗೆ ಉದುರಿದ ಒಣ ಕೊಂಬೆ. ಒಲೆ ಹೊತ್ತಿಸಲು ಉತ್ತಮ. ಅವರ ಹತ್ತಿರ ಮಾತ್ರ ಚೌಕಾಸಿ ಬೇಡ. ಮೈಲಿಗಟ್ಟಲೆ ಇಳಿಜಾರಿನಲ್ಲಿ ಹೊತ್ತು ತಂದ ಹೊರೆ ಅದು.

ಲೋಡೋ, ಟನ್ನೋ?

ಅಳತೆಯಲ್ಲಿ ಮೋಸಹೋಗುವುದು ಸುಲಭ, ಆದ್ದರಿಂದ ಇಲ್ಲಿ ನಿಧಾನಿಸಿ. ಹಸಿ ಕಟ್ಟಿಗೆಯನ್ನು ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟಂತೆ. ಟನ್ ಹಸಿ ಅಕೇಶಿಯಾ ಒಣಗಿದ ಮೇಲೆ ಆರೇಳು ಕ್ವಿಂಟಾಲ್ ಉಳಿಯುತ್ತದೆ. ಹಸಿಯದನ್ನು ಅಟ್ಟಿಯ (ಒಪ್ಪವಾಗಿ ಪೇರಿಸಿದ ರಾಶಿಯ) ಅಳತೆಗೆ ಕೊಳ್ಳಿ, ಒಣಗಿದ್ದನ್ನು ತೂಕಕ್ಕೆ ಕೊಳ್ಳಿ.

ಲೋಡು ಎಂಬುದು ಅಳತೆಯೇ ಅಲ್ಲ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ತೊಟ್ಟಿಯಲ್ಲಿ ಮೂರು ಅಡಿ ಎತ್ತರ ತುಂಬಿದರೆ ಸುಮಾರು 4.2 ಘನ ಮೀಟರ್ ಜಾಗ. ತುಂಡುಗಳನ್ನು ಸಾಲಾಗಿ ಒಪ್ಪವಾಗಿ ಪೇರಿಸಿದ್ದರೆ ಅದರಲ್ಲಿ ಶೇಕಡಾ 60ರಿಂದ 70ರಷ್ಟು ಮರ, ಉಳಿದದ್ದು ಸಂದಿ. ಎಸೆದು ತುಂಬಿದ್ದರೆ ಮರ 40ರ ಆಸುಪಾಸು. ಒಣ ಅಕೇಶಿಯಾದ ಲೆಕ್ಕದಲ್ಲಿ ಎಸೆದು ತುಂಬಿದ ಗಾಡಿ ಒಂದು ಟನ್ನಿನ ಸುತ್ತಮುತ್ತ ತೂಗುತ್ತದೆ, ಪೇರಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ಗಾಡಿ ಒಂದೇ, ಎತ್ತರ ಒಂದೇ, ಮರ ಒಂದೂವರೆ ಪಾಲು. ಬೆಲೆ ಮಾತಾಡುವಾಗ ‘ಪೇರಿಸಿದ್ದೋ, ಎಸೆದದ್ದೋ’ ಎಂದು ಕೇಳಿ. ಇಳಿಸಿದ ಮೇಲೆ ಅಂಗಳದಲ್ಲೇ ಅಟ್ಟಿ ಕಟ್ಟಿಸಿ ಟೇಪು ಹಿಡಿದು ಅಳೆದರೆ ಇಬ್ಬರಿಗೂ ಸಮಾಧಾನ.

ಗ್ಯಾಸು, ಕರೆಂಟು, ಸೋಲಾರ್, ಗೊಬ್ಬರ ಗ್ಯಾಸು

ಕಟ್ಟಿಗೆಯೇ ಯಾಕೆ ಎಂದು ಮನೆಯ ಮಕ್ಕಳು ಕೇಳುತ್ತಾರೆ, ಕೇಳುವುದು ಸಹಜ. ಅದೇ 100 ಲೀಟರ್ ನೀರನ್ನು ಕರೆಂಟಿನಲ್ಲಿ ಕಾಯಿಸಲು ದಿನಕ್ಕೆ ಎರಡೂವರೆ ಯೂನಿಟ್‌ಗೆ ತುಸು ಹೆಚ್ಚು ಬೇಕು. 14.2 ಕಿಲೋದ ಒಂದು ಸಿಲಿಂಡರ್ ಗ್ಯಾಸ್ ಗೀಸರಿನಲ್ಲಿ ಎರಡು ತಿಂಗಳ ಸುತ್ತಮುತ್ತ ಬರುತ್ತದೆ. ಕಟ್ಟಿಗೆ ಕೊಂಡು, ಒಡೆಸಿ, ಒಟ್ಟುವ ಖರ್ಚೆಲ್ಲ ಸೇರಿಸಿ ನೋಡಿದರೆ ಪೇಟೆಯ ಮನೆಗೆ ಇವು ದುಬಾರಿಯೇನಲ್ಲ. ಶಿರಸಿ ಅಥವಾ ಕಾರವಾರದ ಪೇಟೆಯಲ್ಲಿ ಚಿಕ್ಕ ಸಂಸಾರ ಇದ್ದರೆ, ಕಟ್ಟಿಗೆ ಇಡಲು ಮಾಡಿನಡಿ ಜಾಗವಿಲ್ಲದಿದ್ದರೆ ಗೀಸರ್ ಹಾಕಿಸಿಕೊಳ್ಳಿ ಎಂದೇ ಹೇಳುತ್ತೇನೆ. ಗ್ಯಾಸಿನದ್ದಾದರೆ ಬಚ್ಚಲ ಒಳಗೆ ಬೇಡ, ಹೊರಗೋಡೆಗೆ ಕೂರಿಸಿ.

ಹಳ್ಳಿಯ ಮಾತು ಬೇರೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಸಿಲಿಂಡರ್ ಗಾಡಿ ಬರುವುದಿಲ್ಲ. ಆಷಾಢದ ಮೋಡದಡಿ ಸೋಲಾರ್‌ನಿಂದ ಬರುವುದು ಉಗುರು ಬೆಚ್ಚಗಿನ ನೀರು. ಗೊಬ್ಬರ ಗ್ಯಾಸು ನಮ್ಮ ತಾಲ್ಲೂಕುಗಳ ಕೊಟ್ಟಿಗೆಯಿರುವ ಮನೆಗಳ ದೊಡ್ಡ ಆಸ್ತಿ. ಅಡುಗೆಗೆ ಅದು ಸಾಕಾಗುವುದರಿಂದಲೇ ಎಷ್ಟೋ ಮರ ಉಳಿದಿವೆ. ಆದರೂ ಚಳಿಯಲ್ಲಿ ಗ್ಯಾಸು ಹುಟ್ಟುವುದು ಕಡಿಮೆ, ಸ್ನಾನದ ನೀರಿಗೂ ಅದನ್ನೇ ನೆಚ್ಚಿಕೊಳ್ಳಲಾಗದು. ಇಂಥ ಮನೆಗಳಲ್ಲಿ ಒಂದು ಅಟ್ಟಿ ಒಣ ಕಟ್ಟಿಗೆ ಸದಾ ಇರಲೇಬೇಕು. ಮಳೆಗಾಲದಲ್ಲಿ ಸಾವಾದರೆ ಚಿತೆಗೆ ಒಣ ಕಟ್ಟಿಗೆಗಾಗಿ ಅಕ್ಕಪಕ್ಕದ ಮನೆಗಳನ್ನು ಹುಡುಕುವ ಸ್ಥಿತಿ ಯಾರಿಗೂ ಬರಬಾರದು ಎಂದು ಹಿರಿಯರು ಹೇಳುವುದು ಇದಕ್ಕೇ.

ಎರಡನೆಯ ಲೋಡಿಗೆ ಹಣ ಕೊಡುವ ಮೊದಲು ಒಲೆಯನ್ನೊಮ್ಮೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ತಂಡ ರೂಪಿಸಿದ ಒಲೆಗಳು ನಮ್ಮ ಕಡೆ ಹೊಸದಲ್ಲ. ಮುಚ್ಚಿದ ಉರಿಪೆಟ್ಟಿಗೆ, ಕೆಳಗೆ ಗಾಳಿಯಾಡುವ ಜಾಲರಿ, ಹಂಡೆಯ ಸುತ್ತ ಬೆಂಕಿ ಬಳಸುವ ಸಂದಿ, ಹೊಗೆಕೊಳವೆ. ಈ ನಾಲ್ಕು ಸರಿಯಾಗಿ ಕೂಡಿದರೆ ಮೊದಲಿನ ಅರ್ಧದಷ್ಟು ಕಟ್ಟಿಗೆಯಲ್ಲಿ ಅದೇ ನೀರು ಕಾಯುತ್ತದೆ. ಕಟ್ಟುವುದು ತಿಳಿದ ಕೈಯಿಂದಲೇ ಕಟ್ಟಿಸಬೇಕು. ಸಂದಿ ಹೆಚ್ಚಾದರೆ ಬೆಂಕಿ ಸೀದಾ ಕೊಳವೆಗೆ ಹೋಗುತ್ತದೆ, ಕಡಿಮೆಯಾದರೆ ಹೊಗೆ ತಿರುಗಿ ಬಚ್ಚಲಿಗೇ ಬರುತ್ತದೆ.

ತಂದ ಮೇಲೆ

ಒಡೆದ ಸೀಳು ಮೂರು ನಾಲ್ಕು ಅಂಗುಲಕ್ಕಿಂತ ದಪ್ಪವಿರಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಯಲಲ್ಲಿ ಅಡ್ಡಸಾಲು ಉದ್ದಸಾಲಾಗಿ, ಗಾಳಿಯಾಡುವಂತೆ ಒಟ್ಟಿ. ಭರಣಿ ಮಳೆಯ ಮೊದಲ ಗುಡುಗಿಗೆ ಕಾಯದೆ ಮಾಡಿನಡಿ ಸೇರಿಸಿ. ನೆಲಕ್ಕೆ ತಾಗಿದರೆ ಒರಲೆ (ಗೆದ್ದಲು) ಹತ್ತುತ್ತದೆ. ಕಲ್ಲಿನ ಮೇಲೆ ದಬ್ಬೆ ಹಾಸಿ ಒಂದು ಗೇಣು ಎತ್ತರಿಸಿ, ಗೋಡೆಯಿಂದಲೂ ಗೇಣು ದೂರ ಇಡಿ. ಪ್ಲಾಸ್ಟಿಕ್ ಹಾಳೆಯಿಂದ ನಾಲ್ಕು ಕಡೆ ಬಿಗಿದು ಮುಚ್ಚುವುದು ಕೆಟ್ಟ ಪದ್ಧತಿ. ಒಳಗೆ ಬೆವರಿ ಬೂಸಲು ಬರುತ್ತದೆ. ಮೇಲೆ ತಗಡು, ಮಳೆ ಬಡಿಯುವ ಬದಿಗೆ ಮಾತ್ರ ಸೋಗೆಯ ತಟ್ಟಿ, ಉಳಿದ ಬದಿ ತೆರೆದಿರಲಿ. ಜುಲೈ ಹೊತ್ತಿಗೆ ಗಾಳಿಯ ತೇವವೇ ಕಟ್ಟಿಗೆಗೆ ಸೇರುವುದರಿಂದ ಮರುದಿನದ್ದನ್ನು ಹಿಂದಿನ ಸಂಜೆಯೇ ಒಲೆಯ ಪಕ್ಕ ತಂದಿಡಿ.

ಕಾಡಿನಿಂದ ಅಥವಾ ಬೆಟ್ಟದಿಂದ ಸ್ವತಃ ತರುವವರು ಉಣುಗಿನ (ಉಣ್ಣೆಯ) ವಿಷಯದಲ್ಲಿ ಎಚ್ಚರವಾಗಿರಬೇಕು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ನಮ್ಮ ನಡುವೆ ಇದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವಹಾನಿಯೂ ಆಯಿತು. ಅದು ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಕಟ್ಟಿಗೆ ಮತ್ತು ದರಕು (ಒಣ ಎಲೆ) ತರುವ ತಿಂಗಳುಗಳಲ್ಲೇ. ಆರೋಗ್ಯ ಕೇಂದ್ರದಲ್ಲಿ ಸಿಗುವ ಉಣುಗು ನಿರೋಧಕ ತೈಲ ಹಚ್ಚಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಹೋಗಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ತಂದ ಹೊರೆಯನ್ನು ಒಳಗೆ ಒಯ್ಯದೆ ಬಿಸಿಲಿನಲ್ಲಿ ಬಿಡಿ. ಸತ್ತ ಮಂಗ ಕಂಡ ಕಡೆಗೆ ಆ ವರ್ಷ ಕಟ್ಟಿಗೆಗೆ ಹೋಗಲೇಬೇಡಿ.

ಇನ್ನು ಕೆಂಡ. ಬಾಣಂತಿಯ ಕೋಣೆಗೆ, ಮುದುಕರ ಮಂಚದ ಬಳಿಗೆ ಅಗ್ಗಿಷ್ಟಿಕೆ ಇಡುವ ಪದ್ಧತಿ ಇನ್ನೂ ಇದೆ. ಹೊಗೆ ಇಲ್ಲದ ಕೆಂಡವೇ ಹೆಚ್ಚು ಅಪಾಯ, ಯಾಕೆಂದರೆ ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದೇ ಇಲ್ಲ. ಕೋಣೆಯನ್ನು ಬೆಚ್ಚಗೆ ಮಾಡಿ, ಮಲಗುವ ಮೊದಲು ಕೆಂಡವನ್ನು ಹೊರಗೆ ಒಯ್ಯಿರಿ, ಒಂದು ಕಿಟಕಿ ಬೆರಳಗಲ ತೆರೆದಿರಲಿ.

ಕೊಳವೆಯಿರುವ ಒಲೆಯವರು ಮೇ ತಿಂಗಳಲ್ಲೇ ಅದನ್ನು ಬಿಚ್ಚಿ ಮಸಿ ಕೆರೆಸಿ, ಮೇಲಿನ ಟೊಪ್ಪಿಗೆ ತುಕ್ಕು ತಿಂದಿದ್ದರೆ ಬದಲಿಸಿ. ಮಳೆಗಾಲದ ನಡುವೆ ಹಂಚಿನ ಮಾಡು ಹತ್ತಿ ಆ ಕೆಲಸ ಮಾಡಲು ಯಾರನ್ನೂ ಕರೆಯುವಂತಿಲ್ಲ.